ತುಮರಿ ಕಡೆ ಮನೆಗಳು ಅಷ್ಟು ದೂರ ದೂರ ಯಾಕೆ?

ಸಾಗರ ತಾಲೂಕಿನ ಶರಾವತಿ ಹಿನ್ನೀರಿನಾಚೆಯ ತುಮರಿ ಸುತ್ತ ಊರಿನ ಬೋರ್ಡಿದ್ದರೂ ಮನೆಗಳೇ ಕಾಣುವುದಿಲ್ಲ ಯಾಕೆ ಅಂತ ಕೇಳಿದ್ದೀರಿ. ಮಲೆನಾಡಲ್ಲಿ ಅಡಿಕೆ ತೋಟ ಒರತೆಯಿರುವ ಕಣಿವೆಯ ತಳದಲ್ಲಿ, ಮನೆ ಅದರ ಅಂಚಿನ ದಿಬ್ಬದಲ್ಲಿ, ಮೇಲೆ ಸೊಪ್ಪಿನಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು. ಒಂದು ಎಕರೆ ತೋಟಕ್ಕೆ ಗೊಬ್ಬರವಾಗಿ ಸೊಪ್ಪು, ದರಗು (ಒಣಗಿದ ಎಲೆ) ಒದಗಿಸಲು ಹಲವು ಎಕರೆ ಬೆಟ್ಟ ಬೇಕು. ಹಾಗಾಗಿ ಕಣಿವೆಗೆ ನಾಲ್ಕೈದು ಮನೆ ಅಷ್ಟೇ.

ಅದರ ಜೊತೆಗೆ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು. 1964ರಲ್ಲಿ ಅದು ಮುಗಿದು ತಗ್ಗಿನ ಗದ್ದೆಬಯಲು ಮುಳುಗಿತು, ಜನ ಚದುರಿದರು. ಆ ಸಂಕಟ ಲೆಕ್ಕಕ್ಕೆ ಹಿಡಿಯದೆ ಈ ಊರುಗಳು ಅರ್ಥವಾಗುವುದಿಲ್ಲ. 1948ರ ಮಡೆನೂರು ಅಣೆಕಟ್ಟೂ ಅದೇ ನೀರೊಳಗಿದೆ. ಹಿನ್ನೀರು ತೀರಾ ಇಳಿದ ಬೇಸಿಗೆಯಲ್ಲಿ ಅದರ ಸೈಫನ್‌ಗಳು (ಹೆಚ್ಚಾದ ನೀರು ತಾನಾಗಿ ಹೊರಹರಿಯುವ ಕೊಳವೆಗಳು) ಕಾಣುತ್ತವೆ. ನೋಡಲು ಹೋಗುವುದಾದರೆ ಸ್ಥಳೀಯರ ಜೊತೆ ಹೋಗಿ. ಕೆಸರು ಮೇಲೆ ಒಣಗಿ ಬಿರಿದಿದ್ದರೂ ಒಳಗೆ ಹಸಿಯಿರುತ್ತದೆ, ಕಾಲು ಹೂತುಹೋಗುತ್ತದೆ. 2025ರ ಜುಲೈನಿಂದ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯಿದೆ, ದಾಟಲು ಲಾಂಚಿಗೆ ಕಾಯಬೇಕಿಲ್ಲ.