ಬೋರ್ಡು ಸುಟ್ಟಿತು, ವಿಂಡೋಸ್ ಎಲ್ಲಿ ಹೋಯಿತು?

ಮೇ ತಿಂಗಳಲ್ಲಿ ನಾಲ್ಕು ಗುಡುಗು ಕೇಳಿಸಿದರೆ ಸಾಕು, ನನಗೆ ಬರುವ ಪ್ರಶ್ನೆಗಳೆಲ್ಲ ಒಂದೇ ಆಗಿಬಿಡುತ್ತವೆ. ಮದರ್‌ಬೋರ್ಡ್ ಹೋಯಿತು, ಬೇರೆ ಹಾಕಿಸಿದೆ, ಈಗ ವಿಂಡೋಸ್ ಆ್ಯಕ್ಟಿವೇಟ್ ಆಗ್ತಾ ಇಲ್ಲ, ಅಂದರೆ ತನಗೆ ಲೈಸೆನ್ಸ್ ಉಂಟು ಎಂದು ಅದು ಒಪ್ಪುತ್ತಾ ಇಲ್ಲ. ಅಕ್ಟೋಬರ್‌ನಲ್ಲಿ ಮಳೆ ಹಿಂದೆ ಸರಿಯುವಾಗ ಇನ್ನೊಂದು ಕಂತು. ಕಡಲ ಬದಿಯವರದ್ದಂತೂ ವರ್ಷವಿಡೀ ಉಂಟು. ಉಪ್ಪು ಗಾಳಿಗೆ ಬೋರ್ಡು ಹಸಿರು ಹಿಡಿಯಲು ಸಿಡಿಲು ಬೇಕೆಂದೇನಿಲ್ಲ. ಹಾಗಾಗಿ ಈ ಸಲ ಆ ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಬರೆದುಬಿಡುತ್ತೇನೆ, ಉಳಿದವಕ್ಕೆ ಜಾಗ ಸಿಕ್ಕಿದಷ್ಟು. ಪೆನ್‌ಡ್ರೈವ್ ಬೂಟ್ ಮಾಡುವುದು ಹೇಗೆ, ಫಾರ್ಮ್ಯಾಟ್ ಮಾಡುವುದು ಹೇಗೆ ಎಂದೆಲ್ಲ ಬರೆಯುವುದಿಲ್ಲ. ಅದು ಗೊತ್ತಿಲ್ಲದಿದ್ದರೆ ಗೊತ್ತಿದ್ದವರಿಂದ ಮಾಡಿಸಿ. ಹತ್ತಿರ ಕೂತು ನೋಡಿ.

ಪ್ರಶ್ನೆ: 2021ರಲ್ಲಿ ಕೊಂಡ ಲ್ಯಾಪ್‌ಟಾಪ್. ವಿಂಡೋಸ್ ಜೊತೆಗೇ ಬಂದಿತ್ತು. ಸಿಡಿಲಿಗೆ ಮದರ್‌ಬೋರ್ಡ್ ಹೋಯಿತು. ಪೇಟೆಯ ಅಂಗಡಿಯೊಂದರಲ್ಲಿ ಸೆಕೆಂಡ್ ಹ್ಯಾಂಡ್ ಬೋರ್ಡ್ ಹಾಕಿಸಿದೆ. ಅದರೊಟ್ಟಿಗೆ ಹೊಸ ಡಿಸ್ಕ್ (ಎಸ್‌ಎಸ್‌ಡಿ) ಹಾಕಿಸಿ, ವಿಂಡೋಸ್ ಕೂಡ ಹೊಸದಾಗಿ ಹಾಕಿಸಿದೆ. ಈಗ ಪರದೆಯ ಬಲಗಡೆ ಕೆಳಮೂಲೆಯಲ್ಲಿ ‘ಆ್ಯಕ್ಟಿವೇಟ್ ವಿಂಡೋಸ್’ ಎಂದು ಬರುತ್ತಾ ಇದೆ. ಐನೂರು ಕೊಟ್ಟರೆ ಲೈಫ್‌ಟೈಮ್ ಮಾಡಿಕೊಡುತ್ತೇವೆ ಅಂತಾರೆ. ಮಾಡಿಸಬಹುದಾ? ಹಳೆ ಡಿಸ್ಕನ್ನು ಜೋಡಿಸಿದರೆ ಏನೋ ಉದ್ದದ ನಂಬರ್ ಕೇಳುತ್ತದೆ. (ಸುರತ್ಕಲ್‌ನ ಓದುಗರು)

ಉತ್ತರ: ಮಾಡಿಸಬೇಡಿ. ಆದರೆ ಅದಕ್ಕಿಂತ ಮೊದಲು ನಿಮ್ಮ ಕೊನೆಯ ಸಾಲಿಗೆ ಬರುತ್ತೇನೆ. ನೀವು ಚಿಂತೆ ಮಾಡಬೇಕಾದದ್ದು ಮೂಲೆಯ ಬರಹಕ್ಕಲ್ಲ, ಆ ನಂಬರಿಗೆ.

ಅದು ಬಿಟ್‌ಲಾಕರ್ ರಿಕವರಿ ಕೀ. ಬಿಟ್‌ಲಾಕರ್ ಎಂದರೆ ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ. ಒಟ್ಟು 48 ಅಂಕಿ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆ ಹಾಕಿ ಒಳಗೆ ಹೋದ ಕೂಡಲೇ ಬಹಳ ಸಲ ಡಿಸ್ಕಿಗೆ ತಾನಾಗಿಯೇ ಬೀಗ ಬೀಳುತ್ತದೆ. ವಿಂಡೋಸ್ ಹೋಮ್‌ನಲ್ಲೂ ಬೀಳುತ್ತದೆ, ಹೆಸರು ಮಾತ್ರ ‘ಡಿವೈಸ್ ಎನ್‌ಕ್ರಿಪ್ಷನ್’. ಬೀಗ ತೆರೆಯುವ ಗುಟ್ಟು ಇರುವುದು ಟಿಪಿಎಂ ಎಂಬ ಭಾಗದಲ್ಲಿ. ಲ್ಯಾಪ್‌ಟಾಪ್‌ನಲ್ಲಿ ಅದು ಪ್ರತ್ಯೇಕ ಚಿಪ್ ಆಗಿರಲಿ, ಪ್ರೊಸೆಸರ್ ಒಳಗೇ ಇರಲಿ, ಬೋರ್ಡಿನ ಜೊತೆ ಹೋಯಿತು ಅಂತ ಲೆಕ್ಕ. ಹೊಸ ಬೋರ್ಡಿಗೆ ನಿಮ್ಮ ಡಿಸ್ಕಿನ ಪರಿಚಯ ಇಲ್ಲ. ಅದಕ್ಕೇ ನಂಬರ್ ಕೇಳುತ್ತದೆ.

ಆ ನಂಬರ್ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಮೊಬೈಲಿನಲ್ಲೇ ಖಾತೆಗೆ ಲಾಗಿನ್ ಆಗಿ, ‘ಡಿವೈಸಸ್’ ಪುಟಕ್ಕೆ ಹೋಗಿ, ಬಿಟ್‌ಲಾಕರ್ ಕೀ ಎಲ್ಲಿದೆ ನೋಡಿ. ಕೀ ಕೇಳುವ ಪರದೆಯಲ್ಲಿ ‘ಕೀ ಐಡಿ’ ಎಂದು ಅಕ್ಷರ, ಅಂಕಿ ಸೇರಿದ ಒಂದು ಸಾಲು ಕಾಣುತ್ತದೆ. ಖಾತೆಯ ಪಟ್ಟಿಯಲ್ಲಿರುವ ಐಡಿಯ ಮೊದಲ ಎಂಟು ಅಕ್ಷರ ಅದಕ್ಕೆ ತಾಳೆಯಾದರೆ ಅದೇ ನಿಮ್ಮ ಕೀ. ಸಿಕ್ಕಿತಾ? ಡಿಸ್ಕ್ ತೆರೆದು ಎಲ್ಲ ನಕಲು ಮಾಡಿಕೊಳ್ಳಿ. ಆಮೇಲೆ ವಿಂಡೋಸ್ ವಿಷಯ ಮಾತಾಡೋಣ. ಸಿಗದಿದ್ದರೆ ಮನೆಯಲ್ಲಿರುವ ಬೇರೆ ಖಾತೆಗಳನ್ನೂ, ಕಚೇರಿಯದ್ದೋ ಕಾಲೇಜಿನದ್ದೋ ಖಾತೆ ಹಾಕಿದ್ದರೆ ಅದನ್ನೂ ನೋಡಿ. ಎಲ್ಲಿಯೂ ಇಲ್ಲ ಅಂತಾದರೆ ಡಿಸ್ಕಿನಲ್ಲಿದ್ದದ್ದು ಹೋಯಿತು. ‘ಎಂಟು ಸಾವಿರ ಕೊಡಿ, ನಾವು ಬಿಡಿಸಿಕೊಡುತ್ತೇವೆ’ ಅನ್ನುವವರು ಬಿಡಿಸುವುದು ನಿಮ್ಮ ಪರ್ಸನ್ನು ಮಾತ್ರ.

ಇಲ್ಲಿ ನನ್ನ ತಲೆ ಕೆಡಿಸುವ ಸಂಗತಿ ಒಂದುಂಟು. ಲ್ಯಾಪ್‌ಟಾಪ್ ಮಾರುವ ದಿನ ಅಂಗಡಿಯ ಹುಡುಗರೇ ಕೂತು ಖಾತೆ ಮಾಡಿಕೊಡುತ್ತಾರೆ. ಗಿರಾಕಿಗೆ ಅವಸರ, ಹುಡುಗನಿಗೆ ಇನ್ನೂ ಅವಸರ. ಇಮೇಲ್ ಅಂಗಡಿಯದ್ದು, ಒಟಿಪಿ ಬರುವ ಮೊಬೈಲೂ ಅಂಗಡಿಯದ್ದು. ಮೂರು ವರ್ಷ ಬಿಟ್ಟು ಕೀ ಹುಡುಕಲು ಹೊರಟರೆ ಆ ಹುಡುಗ ಕೆಲಸ ಬಿಟ್ಟು ಗಲ್ಫಿಗೆ ಹೋಗಿರುತ್ತಾನೆ. ಹೇಗೋ ಖಾತೆ ತೆರೆಸಿದರೂ ಅಲ್ಲಿ ಊರವರ ಲ್ಯಾಪ್‌ಟಾಪ್‌ಗಳೆಲ್ಲ ಸಾಲಾಗಿ ಕೂತಿರುತ್ತವೆ. ಎಲ್ಲವಕ್ಕೂ ‘ಡೆಸ್ಕ್‌ಟಾಪ್’ ಅಥವಾ ‘ಲ್ಯಾಪ್‌ಟಾಪ್’ ಎಂದು ಹೆಸರು, ಹಿಂದೊಂದು ಅಡ್ಡಗೆರೆ, ಆಮೇಲೆ ಅರ್ಥವಿಲ್ಲದ ಏಳೆಂಟು ಅಕ್ಷರ. ನಿಮ್ಮದು ಯಾವುದು? ಯಾರಿಗೆ ಗೊತ್ತು! ಖಾತೆ ನಿಮ್ಮ ಇಮೇಲಿನಲ್ಲಿ, ನಿಮ್ಮ ಮೊಬೈಲ್ ನಂಬರಿನಲ್ಲಿ ಇರಬೇಕು. ಕಂಪ್ಯೂಟರಿನ ಹೆಸರನ್ನೂ ಗುರುತು ಸಿಗುವ ಹಾಗೆ ಬದಲಿಸಿಡಿ. ಸೆಟ್ಟಿಂಗ್ಸ್‌ನ ಸಿಸ್ಟಮ್ ಒಳಗೆ ‘ಅಬೌಟ್’ನಲ್ಲಿ ಅದು ಅರ್ಧ ನಿಮಿಷದ ಕೆಲಸ.

ಈಗ ಆ್ಯಕ್ಟಿವೇಶನ್‌ಗೆ ಬರುತ್ತೇನೆ. ಎಸ್‌ಎಸ್‌ಡಿ ಬದಲಿಸಿದ್ದರಿಂದ ಹೀಗಾಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವಿಂಡೋಸ್ ಲೈಸೆನ್ಸ್ ಡಿಸ್ಕಿನಲ್ಲಿ ಇರುವುದೇ ಇಲ್ಲ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಕಂಪನಿ ಲ್ಯಾಪ್‌ಟಾಪ್‌ಗಳ ಕೀ ಮದರ್‌ಬೋರ್ಡಿನ ಬಯೋಸ್ ಚಿಪ್ಪಿನೊಳಗೆ (ಯಂತ್ರ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಮು ಇರುವ ಚಿಪ್ಪು) ಬರೆದೇ ಬರುತ್ತದೆ. ವಿಂಡೋಸ್ 10 ಬಂದ ಮೇಲೆ ಇನ್ನೊಂದು ವ್ಯವಸ್ಥೆಯೂ ಸೇರಿತು. ನಿಮ್ಮ ಯಂತ್ರದ ಗುರುತನ್ನು ಮೈಕ್ರೋಸಾಫ್ಟಿನ ಸರ್ವರ್ ಇಟ್ಟುಕೊಳ್ಳುತ್ತದೆ. ಅದಕ್ಕೆ ಡಿಜಿಟಲ್ ಲೈಸೆನ್ಸ್ ಎನ್ನುತ್ತಾರೆ. 2016ರ ಆಗಸ್ಟ್‌ನಿಂದ ಅದನ್ನು ಮೈಕ್ರೋಸಾಫ್ಟ್ ಖಾತೆಗೂ ಜೋಡಿಸಬಹುದು. ಕಾರಿನ ಟಯರು ಬದಲಿಸಿದರೆ ಯಾರೂ ಆರ್‌ಸಿ ಕೇಳುವುದಿಲ್ಲ, ಚಾಸಿ ಬದಲಾದರೆ ಕೇಳುತ್ತಾರೆ. ಡಿಸ್ಕು, ರ್‍ಯಾಮು ಟಯರು. ಮದರ್‌ಬೋರ್ಡು ಚಾಸಿ.

ಬರೇ ಡಿಸ್ಕ್ ಬದಲಾದವರಿಗೆ ಕೆಲಸ ಸುಲಭ. ಮೊದಲಿದ್ದ ಅದೇ ಎಡಿಶನ್ (ಹೋಮ್, ಪ್ರೊ ಹೀಗೆ ವಿಂಡೋಸ್‌ನ ಬಗೆ) ಹಾಕಿ, ನೆಟ್ ಕೊಡಿ, ಅಷ್ಟೆ. ಇನ್‌ಸ್ಟಾಲ್ ಮಾಡುವಾಗ ಕೀ ಕೇಳಿದರೆ ‘ನನ್ನ ಬಳಿ ಕೀ ಇಲ್ಲ’ ಎನ್ನುವುದನ್ನು ಒತ್ತಿ ಮುಂದೆ ಹೋಗಿ. ಎಡವಟ್ಟು ಆಗುವುದು ಎಡಿಶನ್ ವಿಷಯದಲ್ಲಿ. ನಿಮ್ಮ ಲ್ಯಾಪ್‌ಟಾಪ್ ಬಂದದ್ದು ‘ಹೋಮ್ ಸಿಂಗಲ್ ಲ್ಯಾಂಗ್ವೇಜ್’ ಜೊತೆಗೆ. ಅಂಗಡಿಯ ಪೆನ್‌ಡ್ರೈವ್‌ನಲ್ಲಿ ಇರುವುದು ಪ್ರೊ. ಅವರು ಎಲ್ಲರಿಗೂ ಅದನ್ನೇ ಹಾಕುತ್ತಾರೆ. ಹೋಮ್ ಲೈಸೆನ್ಸ್ ಪ್ರೊವನ್ನು ಆ್ಯಕ್ಟಿವೇಟ್ ಮಾಡುವುದಿಲ್ಲ. ಆಮೇಲೆ ‘ನಿಮ್ಮ ಲೈಸೆನ್ಸ್ ಹೋಗಿದೆ’ ಅಂತಾರೆ. ಹೋದದ್ದಲ್ಲ ಮಾರಾಯ್ರೆ, ಬಯೋಸ್ ಒಳಗೆ ಸುಮ್ನೆ ಕೂತಿದೆ, ನೀವು ಕರೆದದ್ದು ಬೇರೆ ಹೆಸರಿನಿಂದ!

ನಿಮ್ಮದು ಬೋರ್ಡೇ ಬದಲಾದ ಕೇಸು. ಸೆಟ್ಟಿಂಗ್ಸ್, ಸಿಸ್ಟಮ್, ಆ್ಯಕ್ಟಿವೇಶನ್ ತೆರೆಯಿರಿ. ಮೊದಲು ಎಡಿಶನ್ ನೋಡಿ. ಮತ್ತೆ ಎರರ್ ಕೋಡಿನ ಕೊನೆಯ ಅಕ್ಷರಗಳನ್ನು ನೋಡಿ. ಎಫ್211 ಎಂದು ಮುಗಿದರೆ ಹಾರ್ಡ್‌ವೇರ್ ಬದಲಾಗಿದೆ ಎಂದು ಅರ್ಥ. ಅಲ್ಲೇ ‘ಟ್ರಬಲ್‌ಶೂಟ್’ ಒತ್ತಿ, ‘ಇತ್ತೀಚೆಗೆ ಈ ಯಂತ್ರದ ಹಾರ್ಡ್‌ವೇರ್ ಬದಲಿಸಿದ್ದೇನೆ’ ಎಂಬ ಸಾಲನ್ನು ಆರಿಸಿ. ಹಳೆ ಖಾತೆಗೆ ಲಾಗಿನ್ ಆದರೆ ಯಂತ್ರಗಳ ಪಟ್ಟಿ ಬರುತ್ತದೆ. ನಿಮ್ಮದನ್ನು ಗುರುತಿಸಿ ಆ್ಯಕ್ಟಿವೇಟ್ ಕೊಡಿ. ಹೆಸರು ಬದಲಿಸಿಡಿ ಎಂದು ಮೇಲೆ ಹೇಳಿದ್ದು ಇಲ್ಲಿಗೂ ಬೇಕಾಗುತ್ತದೆ. ಒಂದು ಸಲಕ್ಕೆ ಆಗದಿದ್ದರೆ ಮೈಕ್ರೋಸಾಫ್ಟಿನ ಸಹಾಯ ವಿಭಾಗವನ್ನು ಕೇಳಿ. ಬೋರ್ಡ್ ಕೆಟ್ಟು ಬದಲಿಸಿದ್ದು ಎಂದು ಹೇಳಿ, ಬಿಲ್ ಕೈಯಲ್ಲಿರಲಿ. ಆಗುತ್ತದೆ ಎಂದು ನಾನು ಮಾತು ಕೊಡುವುದಿಲ್ಲ. ಲ್ಯಾಪ್‌ಟಾಪ್ ಜೊತೆ ಬಂದ ಲೈಸೆನ್ಸ್ ಆ ಲ್ಯಾಪ್‌ಟಾಪಿಗೆ ಮಾತ್ರ. ಬೇರೆಯಾಗಿ ದುಡ್ಡು ಕೊಟ್ಟು ಕೊಂಡ ರಿಟೇಲ್ ಲೈಸೆನ್ಸ್ ಮಾತ್ರ ಬೇರೆ ಯಂತ್ರಕ್ಕೆ ಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ಬೋರ್ಡಿನ ಬಯೋಸ್‌ನಲ್ಲೂ ಒಂದು ಕೀ ಇರಬಹುದು, ಅದು ಹೋಮ್‌ನದ್ದಾಗಿರಬಹುದು. ಅಂಥ ಬೋರ್ಡಿಗೆ ಹೋಮ್ ಹಾಕಿದರೆ ತಾನಾಗಿಯೇ ಆ್ಯಕ್ಟಿವೇಟ್ ಆಗುವುದೂ ಉಂಟು. ಐನೂರರ ಮಾತಾಡುವ ಅಂಗಡಿಯವರು ಇದನ್ನು ನೋಡಿಯೇ ಇರುವುದಿಲ್ಲ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಬೋರ್ಡ್ ಹಾಕಿಸುವವರು, ಹೊಸ ಬೋರ್ಡಿಗೆ ವಿಂಡೋಸ್ ಕೀ ಬರೆದು ಕೊಡುತ್ತೀರಾ ಎಂದು ಜಾಬ್ ಶೀಟಿಗೆ ಸಹಿ ಹಾಕುವ ಮೊದಲೇ ಕೇಳಿ. ಯಂತ್ರ ಕೈಗೆ ಬಂದ ಮೇಲೆ ಕೇಳಿದರೆ ಮತ್ತೆ ಸರದಿಯಲ್ಲಿ ಕೂರಬೇಕು.

ಇನ್ನು ಆ ಐನೂರು ರೂಪಾಯಿಯ ಲೈಫ್‌ಟೈಮ್. ಅದು ಎರಡರಲ್ಲಿ ಒಂದು. ಒಂದು, ಯಾವುದೋ ಕಂಪನಿಗೋ ಕಾಲೇಜಿಗೋ ಸಾಮೂಹಿಕವಾಗಿ ಕೊಟ್ಟ ಕೀಯನ್ನು ಕದ್ದು ನೂರು ಜನಕ್ಕೆ ಮಾರಿದ್ದು. ಮೈಕ್ರೋಸಾಫ್ಟಿಗೆ ಗೊತ್ತಾದ ದಿನ ಕೀ ಬ್ಲಾಕ್. ಇನ್ನೊಂದು, ‘ಆ್ಯಕ್ಟಿವೇಟರ್’ ಎಂಬ ಸಣ್ಣ ಪ್ರೋಗ್ರಾಮು. ದೊಡ್ಡ ಸಂಸ್ಥೆಗಳ ಕಂಪ್ಯೂಟರುಗಳನ್ನೆಲ್ಲ ಆ್ಯಕ್ಟಿವೇಟ್ ಮಾಡಲು ಇರುವ ಕೆಎಂಎಸ್ ಸರ್ವರಿನ ವೇಷ ಹಾಕಿ ವಿಂಡೋಸನ್ನು ಮೋಸ ಮಾಡುವುದು ಅದರ ಕೆಲಸ. ಅಸಲಿ ಕೆಎಂಎಸ್ ಆ್ಯಕ್ಟಿವೇಶನ್ 180 ದಿನಕ್ಕೆ ಮುಗಿಯುತ್ತದೆ, ಸರ್ವರ್ ಅದನ್ನು ಆಗಾಗ ನವೀಕರಿಸುತ್ತಿರುತ್ತದೆ. ಅದಕ್ಕೇ ಆ ಪ್ರೋಗ್ರಾಮು ಹಿಂದೆ ಅಡಗಿ ಕೂತು ಓಡುತ್ತಲೇ ಇರಬೇಕಾಗುತ್ತದೆ. ಅದನ್ನು ಹಾಕುವಾಗ ಹುಡುಗ ಮೊದಲು ಏನು ಮಾಡುತ್ತಾನೆ, ಹತ್ತಿರ ನಿಂತು ನೋಡಿ. ಆ್ಯಂಟಿವೈರಸ್ ಆಫ್ ಮಾಡುತ್ತಾನೆ. ಕಾವಲಿನವನನ್ನು ಹೊರಗೆ ಕಳಿಸಿ ಒಳಗೆ ಬರುವವರನ್ನು ನೀವು ನಂಬುತ್ತೀರಾ? ಅದೇ ಯಂತ್ರದಲ್ಲಿ ನೀವು ಬ್ಯಾಂಕಿನ ಕೆಲಸ ಮಾಡುವುದು, ಅಲ್ವಾ?

ನಿಮ್ಮ ಕಂಪ್ಯೂಟರಿನಲ್ಲಿ ಅದು ಈಗಾಗಲೇ ಉಂಟಾ ಎಂದು ನೋಡಬೇಕಿದ್ದರೆ ಕಮಾಂಡ್ ಪ್ರಾಂಪ್ಟ್ ತೆರೆದು ಎಸ್‌ಎಲ್‌ಎಂಜಿಆರ್ ಎಂದು ಟೈಪ್ ಮಾಡಿ, ಜಾಗ ಬಿಟ್ಟು, ಓರೆಗೆರೆ ಹಾಕಿ ಎಕ್ಸ್‌ಪಿಆರ್ ಎಂದು ಕೊಡಿ (slmgr /xpr). ಮನೆಯ ಲ್ಯಾಪ್‌ಟಾಪಿನಲ್ಲಿ ಮುಗಿಯುವ ತಾರೀಕು ತೋರಿಸಿದರೆ, ಅದರಲ್ಲೂ 2038ರ ಜನವರಿ ಎಂದು ಬಂದರೆ, ಯಾರೋ ಕೈಯಾಡಿಸಿದ್ದಾರೆ. ‘ಪರ್ಮನೆಂಟ್’ ಎಂದು ಬಂದ ಮಾತ್ರಕ್ಕೆ ಎಲ್ಲ ನೆಟ್ಟಗಿದೆ ಎಂದೂ ಅಲ್ಲ.

ಯಾವುದೂ ಆಗದಿದ್ದರೆ? ಗಾಬರಿ ಬೇಡ. ಆ್ಯಕ್ಟಿವೇಟ್ ಆಗದ ವಿಂಡೋಸ್ ನಿಂತು ಹೋಗುವುದಿಲ್ಲ. ವಾಲ್‌ಪೇಪರ್, ಬಣ್ಣ ಮುಂತಾದವನ್ನು ಸೆಟ್ಟಿಂಗ್ಸ್‌ನಲ್ಲಿ ಬದಲಿಸಲು ಬಿಡುವುದಿಲ್ಲ, ಮೂಲೆಯ ಬರಹ ಹೋಗುವುದಿಲ್ಲ. ಸೆಕ್ಯೂರಿಟಿ ಅಪ್‌ಡೇಟ್ ಬರುತ್ತಲೇ ಇರುತ್ತದೆ. ನಿಯಮದ ಪ್ರಕಾರ ಲೈಸೆನ್ಸ್ ಕೊಳ್ಳಬೇಕು, ಕೈಯಲ್ಲಿ ದುಡ್ಡಾದಾಗ ರಿಟೇಲ್ ಪ್ರತಿಯನ್ನೇ ಕೊಳ್ಳಿ. ಅಲ್ಲಿಯವರೆಗೆ ಆ ಬರಹ ನೋಡಿಕೊಂಡು ಕೆಲಸ ಮಾಡುವುದು ಕಳ್ಳ ಆ್ಯಕ್ಟಿವೇಟರ್ ಸಾಕುವುದಕ್ಕಿಂತ ಸಾವಿರ ಪಾಲು ವಾಸಿ. ನೆಟ್ ನೋಡಲು, ಪತ್ರ ಬರೆಯಲು ಮಾತ್ರ ಬೇಕಾದವರು ಲಿನಕ್ಸ್ ಹಾಕಿಸಿ. ಅದಕ್ಕೆ ಕೀಯೂ ಇಲ್ಲ, ರಗಳೆಯೂ ಇಲ್ಲ.

ಪ್ರಶ್ನೆ: ನಮ್ಮದು ಬಂದರಿನಲ್ಲಿ ದಿನಸಿ ಹೋಲ್‌ಸೇಲ್. ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿದ ಮೇಲೆ ಲೆಕ್ಕ ಬರೆಯುವ ಟ್ಯಾಲಿ ಎಜುಕೇಶನಲ್ ಮೋಡ್‌ನಲ್ಲಿ ತೆರೆಯುತ್ತದೆ. ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರ್. ಹೀಗೇಕೆ? (ಮಂಗಳೂರು)

ಉತ್ತರ: ಫಾರ್ಮ್ಯಾಟ್ ಮಾಡುವ ಮೊದಲು ಲೈಸೆನ್ಸ್ ಸರೆಂಡರ್ ಮಾಡಬೇಕಿತ್ತು, ಅಂದರೆ ಆ ಕಂಪ್ಯೂಟರಿನಿಂದ ಬಿಡಿಸಿ ಟ್ಯಾಲಿಗೆ ಒಪ್ಪಿಸಬೇಕಿತ್ತು. ಎಫ್1 ಒತ್ತಿ ಸೆಟ್ಟಿಂಗ್ಸ್‌ನೊಳಗೆ ಲೈಸೆನ್ಸ್‌ಗೆ ಹೋದರೆ ಅಲ್ಲೇ ಇರುತ್ತದೆ, ನೆಟ್ ಇದ್ದರೆ ಆಯಿತು. ನಿಮ್ಮ ಟೆಕ್ನಿಶಿಯನ್ ಅದನ್ನು ಮಾಡಿಲ್ಲ. ಎಜುಕೇಶನಲ್ ಮೋಡ್‌ನಲ್ಲಿ ತಿಂಗಳ 1, 2 ಮತ್ತು 31ನೇ ತಾರೀಕಿಗೆ ಮಾತ್ರ ಎಂಟ್ರಿ ಹಾಕಬಹುದು. ಜಿಎಸ್‌ಟಿ ರಿಟರ್ನ್ ಹತ್ತಿರ ಬಂದಾಗ ಇದು ಗೊತ್ತಾಗುತ್ತದೆ. ಈಗಲೂ ಕೆಟ್ಟಿಲ್ಲ. ಸೀರಿಯಲ್ ನಂಬರು, ಖಾತೆಯ ಅಡ್ಮಿನ್ ಇಮೇಲ್ ಎರಡೂ ಕೈಯಲ್ಲಿದ್ದರೆ ಮತ್ತೆ ಆ್ಯಕ್ಟಿವೇಟ್ ಮಾಡಿ ನೋಡಿ. ಅನ್‌ಲಾಕ್ ಕೀ ಆ ಇಮೇಲಿಗೇ ಬರುತ್ತದೆ. ಆಗದಿದ್ದರೆ ಟ್ಯಾಲಿಯ ಅಧಿಕೃತ ಪಾರ್ಟ್ನರ್‌ಗೆ ಹೇಳಿ ಹಳೆ ಲೈಸೆನ್ಸ್ ರಿಸೆಟ್ ಮಾಡಿಸಿ.

ನಿಜವಾದ ಕಂಟಕ ಆ ಇಮೇಲ್. ಬಂದರಿನ ಅರ್ಧಕ್ಕರ್ಧ ಅಂಗಡಿಗಳಲ್ಲಿ ಅದು ಯಾವತ್ತೋ ಬಿಟ್ಟು ಹೋದ ಅಕೌಂಟೆಂಟ್‌ನ ಸ್ವಂತ ಇಮೇಲು ಎಂದು ನನಗೆ ಗುಮಾನಿ. ಇವತ್ತೇ ನೋಡಿ, ಅಂಗಡಿಯ ಹೆಸರಿನ ಇಮೇಲಿಗೆ ಬದಲಿಸಿ. ಜಗಳವಾಡಿ ಹೋದವರ ಹತ್ತಿರ ಒಟಿಪಿ ಕೇಳುವ ಪರಿಸ್ಥಿತಿ ಯಾರಿಗೂ ಬೇಡ. ಮತ್ತೊಂದು ಮಾತು, ಲೈಸೆನ್ಸ್ ಬೇರೆ, ಲೆಕ್ಕದ ಡೇಟಾ ಬೇರೆ. ಸರೆಂಡರ್ ಮಾಡಿದರೆ ಡೇಟಾ ಉಳಿಯುತ್ತದೆ ಎಂದುಕೊಂಡು ಡಿ ಡ್ರೈವ್ ಕೂಡ ಅಳಿಸಿದವರುಂಟು. ಡೇಟಾ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿ, ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿದ ಮೇಲೆಯೇ ಫಾರ್ಮ್ಯಾಟ್.

ಪ್ರಶ್ನೆ: ಲ್ಯಾಪ್‌ಟಾಪ್ ಜೊತೆ ಬಂದ ಆಫೀಸ್ ಫಾರ್ಮ್ಯಾಟ್ ಆದ ಮೇಲೆ ಕೀ ಕೇಳುತ್ತದೆ. (ಬ್ರಹ್ಮಾವರ)

ಉತ್ತರ: ಕೀ ಹುಡುಕಬೇಡಿ, ಖಾತೆ ಹುಡುಕಿ. ಮೊದಲ ಸಲ ಯಾವ ಖಾತೆಯಲ್ಲಿ ಆಫೀಸ್ ತೆರೆದಿರೋ ಅದಕ್ಕೇ ಅದು ಅಂಟಿಕೊಂಡಿದೆ. ಅದೂ ಅಂಗಡಿಯವರದ್ದಾ? ಸುರತ್ಕಲ್‌ನವರಿಗೆ ಕೊಟ್ಟ ಮೊದಲ ಉತ್ತರ ಇನ್ನೊಂದು ಸಲ ಓದಿ.

ಪ್ರಶ್ನೆ: ವಿಂಡೋಸ್ 10ರಿಂದ 11ಕ್ಕೆ ಹೋಗಲು ಹೊಸ ಕೀ ಬೇಕು ಎಂದು ಎರಡು ಸಾವಿರ ಕೇಳುತ್ತಿದ್ದಾರೆ. (ಕಾರ್ಕಳ)

ಉತ್ತರ: ಬೇಡ. ಆ್ಯಕ್ಟಿವೇಟ್ ಆಗಿರುವ 10 ಇದ್ದು, ಯಂತ್ರಕ್ಕೆ ಯೋಗ್ಯತೆ ಇದ್ದರೆ 11 ಪುಕ್ಕಟೆ. ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಸಾಧಾರಣ ಎಂಟನೇ ಜನರೇಶನ್‌ನಿಂದ ಮೇಲೆ. 10ರ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಮುಂದೂಡಬೇಡಿ.

ಪ್ರಶ್ನೆ: ಹಳೆ ವಿಂಡೋಸ್ 7 ಕೀ ಹಾಕಿದರೆ ವಿಂಡೋಸ್ 10, 11 ಈಗಲೂ ಆ್ಯಕ್ಟಿವೇಟ್ ಆಗುತ್ತದಂತೆ? (ಕುಂದಾಪುರ)

ಉತ್ತರ: ಆಗುತ್ತಿತ್ತು. 7ರಿಂದ 10ಕ್ಕೆ ಹೋಗುವ ಪುಕ್ಕಟೆ ಕೊಡುಗೆ 2016ರ ಜುಲೈ 29ಕ್ಕೇ ಮುಗಿದಿತ್ತು, ಆಮೇಲೂ ತೆರೆದಿದ್ದ ಹಿಂಬಾಗಿಲನ್ನು 2023ರ ಸೆಪ್ಟೆಂಬರ್‌ನಲ್ಲಿ ಮುಚ್ಚಿದರು.

ಪ್ರಶ್ನೆ: ಸಿಡಿಯಲ್ಲಿರುವ ಫೋಟೋಶಾಪ್ ಸಿಎಸ್2, ಒರಿಜಿನಲ್. ಆ್ಯಕ್ಟಿವೇಟ್ ಆಗುವುದಿಲ್ಲ. (ಮಣಿಪಾಲ)

ಉತ್ತರ: ಅದರ ಆ್ಯಕ್ಟಿವೇಶನ್ ಸರ್ವರನ್ನು ಅಡೋಬಿ 2013ರ ಹೊತ್ತಿಗೇ ಮುಚ್ಚಿದೆ. ಸಿಡಿ ನೆನಪಿಗೆ ಇಟ್ಟುಕೊಳ್ಳಿ.

ಪ್ರಶ್ನೆ: ನುಡಿ ತಂತ್ರಾಂಶದ ಕೀಗೆ ಮುನ್ನೂರು ರೂಪಾಯಿ ಕೇಳಿದರು. ಸರಿಯಾ? (ಉಡುಪಿ)

ಉತ್ತರ: ನುಡಿ ಉಚಿತ. ಕನ್ನಡ ಗಣಕ ಪರಿಷತ್ತು ಮಾಡಿದ್ದು, ಕರ್ನಾಟಕ ಸರ್ಕಾರ ಕೊಡುವುದು. ಅದಕ್ಕೆ ಕೀಯೇ ಇಲ್ಲ. ಮುನ್ನೂರು ವಾಪಸ್ ಕೇಳಿ, ರಸೀದಿ ಕೊಟ್ಟಿದ್ದರೆ.