ಪ್ರೆಪ್ಪಿ ಅಂದ್ರೆ ನೇವಿ ಬ್ಲೇಜರ್ರಾ, ಪಿಂಕ್ ಹೂಡಿನಾ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೀವಿ. ಹನ್ನೆರಡು ವರ್ಷದ ಮಗಳು ಬರ್ತ್‌ಡೇಗೆ ಪ್ರೆಪ್ಪಿ ಬಟ್ಟೆನೇ ಬೇಕು ಅಂದ್ಲು. ನೇವಿ ಬ್ಲೇಜರ್ ತಂದ್ರೆ ಮುಖ ಊದಿಸ್ಕೊಂಡ್ಲು, ಅವಳಿಗೆ ಬೇಕಿದ್ದದ್ದು ಗಾಢ ಪಿಂಕ್ ಹೂಡಿ, ಸ್ಮೈಲಿ ಚಪ್ಪಲಿ! ಯಾರ್ದು ಸರಿ?
- ಒಬ್ಬ ಅಮ್ಮ

ಉತ್ತರ: ಇಬ್ಬರದ್ದೂ ಸರಿನೇ ಮೇಡಂ, ಕಾಲ ಬೇರೆ ಅಷ್ಟೇ. ನೀವು ತಂದಿದ್ದು ಆಂಡೋವರ್, ಎಕ್ಸೆಟರ್ ತರದ ಹಳೇ ಬೋರ್ಡಿಂಗ್ ಸ್ಕೂಲ್‌ಗಳ ಡ್ರೆಸ್ಸು, ದುಡ್ಡಿದ್ದವರ ಹುಡುಗ್ರನ್ನ ಯೇಲ್, ಪ್ರಿನ್ಸ್‌ಟನ್ ತರದ ದೊಡ್ಡ ಯೂನಿವರ್ಸಿಟಿಗಳಿಗೆ ತಯಾರು ಮಾಡ್ತಿದ್ದ ಪ್ರೆಪರೇಟರಿ ಸ್ಕೂಲ್‌ಗಳು ಅವು, ಪ್ರೆಪ್ಪಿ ಅನ್ನೋ ಹೆಸರು ಬಂದಿದ್ದೂ ಅದರಿಂದಲೇ. ಬ್ರೂಕ್ಸ್ ಬ್ರದರ್ಸ್ ಅಂಗಡಿಯ ಬಟನ್-ಡೌನ್ ಶರ್ಟ್ (ಕಾಲರ್ ತುದಿಗೆ ಗುಂಡಿ ಹಾಕೋದು, ಆ ಐಡಿಯಾ ಇಂಗ್ಲೆಂಡಿನ ಪೋಲೋ ಆಟಗಾರರದ್ದು), 1936ರಲ್ಲಿ ಬಂದ ಬಾಸ್ ಕಂಪನಿಯ ಲೇಸ್ ಇಲ್ಲದ ಲೋಫರ್ ಶೂ, ಅಪ್ಪ ಹಾಕಿ ಬಿಟ್ಟ ಕೋಟು. ಹೊಸದು ಅಂತ ಗೊತ್ತಾಗಬಾರ್ದು, ಕಾಲರ್ ಸವೆದಿದ್ರೆ ಇನ್ನೂ ಗೌರವ.

ಸೈನಿಕರ ಓದಿಗೆ ಸರ್ಕಾರ ದುಡ್ಡು ಕೊಡೋ 1944ರ ಜಿಐ ಬಿಲ್ ಕಾನೂನಿನಿಂದ ಯುದ್ಧ ಮುಗಿಸಿ ಬಂದ ಸಾಮಾನ್ಯ ಮನೆ ಹುಡುಗ್ರೂ ಕಾಲೇಜಿಗೆ ಬಂದ್ರು, ಜೊತೆಗೆ ಮಿಲಿಟರಿ ಖಾಕಿ ಪ್ಯಾಂಟೂ ಬಂತು (ಆ ಖಾಕಿ ಬಣ್ಣ ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಹುಟ್ಟಿದ್ದು ಅಂತ ನಮ್ಮ ಕಡೆ ಹೇಳ್ತಾರೆ, ಆದ್ರೆ ಅದಕ್ಕೂ ಮೊದಲೇ ಬ್ರಿಟಿಷ್ ಇಂಡಿಯಾ ಸೈನ್ಯದಲ್ಲಿ ಖಾಕಿ ಇತ್ತು). 1950ರ ದಶಕದ ಕೊನೆಗೆ ಮದ್ರಾಸ್ ಚೆಕ್ಸ್ ಕ್ರೇಜ್ ಶುರು, ಅಂದ್ರೆ ಮದ್ರಾಸ್ ಕಡೆಯ ಚೌಕಳಿ ಹತ್ತಿ ಬಟ್ಟೆ. ಒಗೆದ್ರೆ ಬಣ್ಣ ಬಿಡುತ್ತೆ ಅಂತ ಮೊದಲು ಗಲಾಟೆ, ಆಮೇಲೆ ಬಣ್ಣ ಬಿಡೋದೇ ಅಸಲಿ ಗುರುತು ಅಂತ ಜಾಹೀರಾತು ಮಾಡಿ ಮಾರಿದ್ರು. ನಮ್ಮವರು ಲುಂಗಿ ಉಟ್ಕೊಳ್ಳೋ ಬಟ್ಟೆ ಅಲ್ಲಿ ಸಾಹುಕಾರರ ಬೇಸಿಗೆ ಶರ್ಟ್ ಆಯ್ತು, ನೇಯ್ದವರ ಹೆಸರು ಮಾತ್ರ ಯಾರೂ ಎತ್ತಲ್ಲ, ನನಗೆ ಇದು ಇವತ್ತಿಗೂ ಸಂಕಟ. ಯೇಲ್ ಕಾಲೇಜಿಗೆ ಆ ಹೆಸರು ಬಂದಿದ್ದೇ ಮದ್ರಾಸಿನ ಗವರ್ನರ್ ಆಗಿದ್ದ ಎಲಿಹು ಯೇಲ್ ಕೊಟ್ಟ ದಾನದಿಂದ, 1718ರಲ್ಲಿ, ಆ ದಾನದಲ್ಲಿ ಬಟ್ಟೆನೂ ಇತ್ತು ನೋಡಿ.

ಈ ಸ್ಟೈಲ್‌ನ ಉಳಿಸಿದ್ದು ಅದರ ಹೊರಗಿದ್ದೋರೇ ಅಂತ ನನಗನ್ಸುತ್ತೆ. ಬಟನ್-ಡೌನ್ ಹಾಕಿದ ಕಪ್ಪು ಜಾಝ್ ಸಂಗೀತಗಾರ ಮೈಲ್ಸ್ ಡೇವಿಸ್ ಮುಂದೆ ಯೇಲ್ ಹುಡುಗ್ರೆಲ್ಲ ಸಪ್ಪೆ. 1960ರ ದಶಕದಲ್ಲಿ ಟೋಕಿಯೋ ಹುಡುಗ್ರು ಇದನ್ನ ಪಾಠದ ತರ ಕಲಿತ್ರು. 1967ರಲ್ಲಿ ಪೋಲೋ ಅನ್ನೋ ಬಟ್ಟೆ ಬ್ರ್ಯಾಂಡ್ ಶುರು ಮಾಡಿದ ರಾಲ್ಫ್ ಲಾರೆನ್ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಬೆಳೆದ ಯಹೂದಿ ವಲಸಿಗರ ಮಗ. 1980ರಲ್ಲಿ ಲೀಸಾ ಬರ್ನ್‌ಬಾಕ್ ತಮಾಷೆಗೆ ಅಂತ ತಂದ ಪ್ರೆಪ್ಪಿ ಹ್ಯಾಂಡ್‌ಬುಕ್ಕನ್ನ ಜನ ಶಾಪಿಂಗ್ ಲಿಸ್ಟ್ ಮಾಡ್ಕೊಂಡ್ರು. 2022ರಲ್ಲಿ ಲಾರೆನ್ ಕಂಪನಿ ಮೋರ್‌ಹೌಸ್, ಸ್ಪೆಲ್ಮನ್ ಅನ್ನೋ ಕಪ್ಪು ವಿದ್ಯಾರ್ಥಿಗಳ ಕಾಲೇಜುಗಳ ಜೊತೆ ಸೇರಿ ಅವರದೇ ಹಳೇ ಡ್ರೆಸ್ ಪರಂಪರೆ ಮೇಲೆ ಬಟ್ಟೆ ತಂತು, ತಡ ಆಯ್ತು ಆದ್ರೂ ಖುಷಿ.

ಇನ್ನು ಪಿಂಕ್, ಅದೂ ಹೊಸದಲ್ಲ ಮೇಡಂ. ಫ್ಲೋರಿಡಾದ ಪಾಮ್ ಬೀಚ್‌ನಲ್ಲಿ ಜ್ಯೂಸ್ ಅಂಗಡಿ ಇಟ್ಟಿದ್ದ ಲಿಲಿ ಪುಲಿಟ್ಜರ್ ಜ್ಯೂಸ್ ಕಲೆ ಕಾಣದಿರಲಿ ಅಂತ ಪಿಂಕು ಹಸಿರು ಹೂವಿನ ಫ್ರಾಕ್ ಹೊಲಿಸಿದ್ರು, ಅಧ್ಯಕ್ಷ ಕೆನೆಡಿ ಹೆಂಡ್ತಿ ಜಾಕಿನೂ ಹಾಕಿದ್ಲು. ಟಿಕ್‌ಟಾಕ್ ಮಕ್ಕಳು ಅದಕ್ಕೆ ಸ್ಮೈಲಿ, ದುಬಾರಿ ಲೆಗ್ಗಿಂಗ್ಸ್, ನೀರಿನ ಟಂಬ್ಲರ್ ಸೇರಿಸಿದ್ದಾರೆ. ನನಗೆ ಬೇಜಾರು ಬಣ್ಣದ್ದಲ್ಲ, ಆಗ ಒಂದು ಕೋಟು ಎರಡು ತಲೆಮಾರು ಬರ್ತಿತ್ತು, ಈಗ ಆರು ತಿಂಗಳಿಗೇ ಹಳೇದು ಅಂತ ಮೂಲೆಗೆ ಹೋಗುತ್ತೆ.

ಹೂಡಿ ಒಂದು ಕೊಡ್ಸಿ, ಸಾಕು. ಬ್ಲೇಜರ್ ವಾಪಸ್ ಮಾಡ್ಬೇಡಿ, ಒಂದ್ ಸೈಜ್ ದೊಡ್ಡದಕ್ಕೆ ಬದಲಾಯಿಸಿ ಇಡಿ, ಹೈಸ್ಕೂಲಿಗೆ ಬಂದಾಗ ಅವಳೇ ಕೇಳ್ತಾಳೆ.