ಹಡಗೂ ಹೋಯಿತು, ದುಡ್ಡೂ ಹೋಯಿತಾ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಕ್ರೂಸ್ ಪ್ರಯಾಣ

ಕ್ರೂಸ್ ಬಗ್ಗೆ ಪ್ರಶ್ನೆ ಕಳಿಸಿ ಅಂದದ್ದಕ್ಕೆ ಕುಂಬಳೆಯಿಂದ ಮುಳ್ಳೇರಿಯದವರೆಗೆ ಪತ್ರ ಬಂದಿವೆ. ಸಮುದ್ರ ಎಷ್ಟು ಚಂದ ಅಂತ ಬರೆದವರು ಒಬ್ಬರೂ ಇಲ್ಲ. ಎಲ್ಲರದ್ದೂ ಸಿಟ್ಟು. ಕೊರೊನಾ ಕಾಲದಲ್ಲಿ ಕೈಬಿಟ್ಟ ದುಡ್ಡಿನ ಸಿಟ್ಟು, ಆಮೇಲೆ ಹಡಗು ಹತ್ತಿದವರಿಗೆ ಬಿಲ್ ನೋಡಿ ಬಂದ ಸಿಟ್ಟು. ನಾನು 11 ವರ್ಷ ಕ್ರೂಸ್ ಹಡಗಿನಲ್ಲಿ ಕ್ಯಾಬಿನ್ ಸ್ಟೀವರ್ಡ್, ಅಂದರೆ ಪ್ರಯಾಣಿಕರ ಕೋಣೆ ನೋಡಿಕೊಳ್ಳುವ ಕೆಲಸದವನು ಆಗಿದ್ದವನು. ಈಗ ಕುಂಬಳೆ ಪೇಟೆಯಲ್ಲಿ ಟಿಕೆಟ್ ಮಾಡಿಕೊಡುತ್ತೇನೆ. ಬೈಗುಳ ಎರಡೂ ಕಡೆಯಿಂದ ಕೇಳಿ ಅಭ್ಯಾಸವಿದೆ, ಹಾಗಾಗಿ ಸಂಕೋಚ ಬೇಡ.

ಪ್ರಶ್ನೆ: ನಮ್ಮ ಮದುವೆಯ 25ನೇ ವರ್ಷಕ್ಕೆ ಅಂತ 2020ರ ಮೇ ತಿಂಗಳಿಗೆ ಸಿಂಗಾಪುರದಿಂದ ಹೊರಡುವ ಕ್ರೂಸ್ ಬುಕ್ ಮಾಡಿದ್ದೆವು. ಅಡಿಕೆ ಮಾರಿದ ದುಡ್ಡು, ಇಬ್ಬರಿಗೆ 1.6 ಲಕ್ಷ. ಹಡಗು ಹೊರಡಲಿಲ್ಲ. "ದುಡ್ಡು ವಾಪಸ್ ಕೇಳಬೇಡಿ, ಮುಂದಿನ ಪ್ರಯಾಣಕ್ಕೆ ಕ್ರೆಡಿಟ್ ತೆಗೊಳ್ಳಿ, ನೂರಕ್ಕೆ ನೂರಿಪ್ಪತ್ತೈದು ಸಿಗುತ್ತದೆ" ಅಂದರು ಏಜೆಂಟ್. ನಂಬಿದೆವು. ಈಗ ಕೇಳಿದರೆ ಅವಧಿ ಮುಗಿದಿದೆ ಅನ್ನುತ್ತಾರೆ. ಏಜೆಂಟರ ಅಂಗಡಿಗೆ ಬೀಗ. ಏನಾದರೂ ದಾರಿ ಇದೆಯಾ? (ಬದಿಯಡ್ಕದ ಕೃಷಿಕರು)

ಉತ್ತರ: ಮೊದಲು ಒಂದು ಮಾತು. ನೀವು ಮೋಸ ಹೋದದ್ದು ಪೆದ್ದುತನದಿಂದ ಅಲ್ಲ. ಆಗ ಪ್ರಪಂಚದ ದೊಡ್ಡ ದೊಡ್ಡ ಕಂಪನಿಗಳೇ ಈ 125ರ ಲೆಕ್ಕ ಮುಂದಿಟ್ಟಿದ್ದವು. ಯಾಕೆ ಗೊತ್ತಾ? ಅವರ ಕೈಯಲ್ಲಿ ದುಡ್ಡಿರಲಿಲ್ಲ. 2020ರ ಮಾರ್ಚ್ 14ಕ್ಕೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹಡಗು ಹೊರಡಬಾರದು ಅಂತ ಆದೇಶ ಹೊರಡಿಸಿತು. ಅಮೆರಿಕ ಸರ್ಕಾರ ಆಗ ಉದ್ಯಮಗಳಿಗೆ ಕೊಟ್ಟ ಸಾಲದ ನೆರವೂ ಇವರಿಗೆ ಸಿಗಲಿಲ್ಲ. ದೊಡ್ಡ ಕ್ರೂಸ್ ಕಂಪನಿಗಳಲ್ಲಿ ಕಾರ್ನಿವಲ್ ನೋಂದಣಿ ಆದದ್ದು ಪನಾಮಾದಲ್ಲಿ, ರಾಯಲ್ ಕೆರಿಬಿಯನ್ ಲೈಬೀರಿಯಾದಲ್ಲಿ, ನಾರ್ವೇಜಿಯನ್ ಬರ್ಮುಡಾದಲ್ಲಿ. ತೆರಿಗೆ ಉಳಿಸಲು ಹೊರದೇಶದ ಮನೆ ನಂಬರ್ ಹಾಕಿಕೊಂಡವರು, ಕಷ್ಟ ಬಂದಾಗ ರೇಷನ್ ಕಾರ್ಡ್ ಕೇಳಿದರೆ ಯಾರು ಕೊಡುತ್ತಾರೆ? ಆಗ ಅವರಿಗೆ ಉಳಿದ ದಾರಿಗಳಲ್ಲಿ ಒಂದು, ನಿಮ್ಮಂಥವರ ದುಡ್ಡನ್ನು ಸಾಧ್ಯವಾದಷ್ಟು ದಿನ ಹಿಡಿದಿಟ್ಟುಕೊಳ್ಳುವುದು. ಕ್ರೆಡಿಟ್ ಅಂದರೆ ಅಷ್ಟೇ. ನೀವು ಕಂಪನಿಗೆ ಕೊಟ್ಟ ಬಡ್ಡಿಯಿಲ್ಲದ ಸಾಲ.

ಕಂಪನಿಯೇ ಮುಳುಗಿದರೆ ಆ ಕ್ರೆಡಿಟ್ ಬರೀ ಕಾಗದ. ಸಿಂಗಾಪುರದಿಂದ ನಮ್ಮವರು ಜಾಸ್ತಿ ಹೋಗುತ್ತಿದ್ದ ಡ್ರೀಮ್ ಕ್ರೂಸಸ್‌ನ ಒಡೆಯ ಗೆಂಟಿಂಗ್ ಹಾಂಕಾಂಗ್. ಅದು 2022ರ ಜನವರಿಯಲ್ಲಿ ಕಂಪನಿ ಮುಚ್ಚಲು ಕೋರ್ಟಿಗೆ ಹೋಯಿತು. ಅದೇ ಗುಂಪಿನ ಕ್ರಿಸ್ಟಲ್ ಸಿಂಫನಿ ಹಡಗು ಆ ತಿಂಗಳು ಮಯಾಮಿಗೆ ಬರಬೇಕಿತ್ತು. ಎಣ್ಣೆಯ ಬಾಕಿಗಾಗಿ ಹಡಗನ್ನೇ ಹಿಡಿಯಲು ಕೋರ್ಟ್ ವಾರಂಟ್ ಕಾದಿತ್ತು. ಹಡಗು ದಿಕ್ಕು ಬದಲಿಸಿ ಬಹಾಮಾಸ್‌ನ ಬಿಮಿನಿಗೆ ಹೋಯಿತು, ಪ್ರಯಾಣಿಕರನ್ನು ಬೇರೆ ದೋಣಿಯಲ್ಲಿ ಅಮೆರಿಕಕ್ಕೆ ಸಾಗಿಸಿದರು. ಡ್ರೀಮ್ ಕ್ರೂಸಸ್‌ನ ಗೆಂಟಿಂಗ್ ಡ್ರೀಮ್ ಹಡಗು ಅದೇ ವರ್ಷ ಸಿಂಗಾಪುರದಿಂದ ಮತ್ತೆ ಹೊರಟಿತು, ರಿಸಾರ್ಟ್ಸ್ ವರ್ಲ್ಡ್ ಕ್ರೂಸಸ್ ಅನ್ನುವ ಹೆಸರಿನಲ್ಲಿ. ಹಡಗು ಅದೇ, ಕಂಪನಿ ಬೇರೆ. ನಮ್ಮ ದೇಶದ್ದೇ ಆದ ಜಲೇಶ್ ಕ್ರೂಸಸ್ 2019ರಲ್ಲಿ ಶುರುವಾಗಿ 2020ರ ಅಕ್ಟೋಬರಿನಲ್ಲಿ ಬಾಗಿಲು ಹಾಕಿತು. ಅದರ ಕರ್ಣಿಕಾ ಹಡಗು ಗುಜರಾತಿನ ಅಲಂಗ್‌ನಲ್ಲಿ ಗುಜರಿಯಾಯಿತು.

ಈಗ ನಿಮ್ಮ ವಿಷಯ. ರಸೀದಿ ಹುಡುಕಿ. ಅದರಲ್ಲಿ ಯಾರ ಹೆಸರಿದೆ? ಹಡಗಿನ ಕಂಪನಿಯ ಬುಕಿಂಗ್ ನಂಬರ್ ಇದ್ದರೆ, ಆ ನಂಬರ್ ಹಾಕಿ ನೇರ ಕಂಪನಿಗೆ ಬರೆಯಿರಿ: ನನ್ನ ಹೆಸರಿನಲ್ಲಿ ಎಷ್ಟು ದುಡ್ಡು ಬಂದಿದೆ, ವಾಪಸ್ ಕೊಟ್ಟಿದ್ದೀರಾ, ಕೊಟ್ಟಿದ್ದರೆ ಯಾರಿಗೆ? ಕಂಪನಿ ವಾಪಸ್ ಕೊಟ್ಟು ಏಜೆಂಟರೇ ಇಟ್ಟುಕೊಂಡದ್ದು ನನ್ನ ಮೇಜಿಗೆ ಬಂದ ಒಂದೆರಡು ಕೇಸಿನಲ್ಲಿ ಕಂಡಿದ್ದೇನೆ. ಹಾಗಾಗಿದ್ದರೆ ಅಂಗಡಿಗೆ ಬೀಗ ಬಿದ್ದರೂ ಆ ಮನುಷ್ಯನ ಹೊಣೆಗೆ ಬೀಗ ಬೀಳುವುದಿಲ್ಲ.

ಗ್ರಾಹಕ ಆಯೋಗಕ್ಕೆ ದೂರು ಕೊಡಲು 2 ವರ್ಷದ ಗಡುವು. 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ದಿನಗಳನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿತ್ತು. ಹಡಗು ರದ್ದಾದ ದಿನದಿಂದ ಎಣಿಸಿದರೆ ಆ ರಿಯಾಯಿತಿ ಸೇರಿಸಿಯೂ 2024ರ ಫೆಬ್ರವರಿ ಕೊನೆಗೆ ಗಡುವು ಮುಗಿದಿದೆ. ಆದರೆ "ಕ್ರೆಡಿಟ್ ಕೊಡುವುದಿಲ್ಲ" ಅನ್ನುವ ಉತ್ತರ ನಿಮಗೆ ಯಾವತ್ತು ಬಂತು? ಕಳೆದ 2 ವರ್ಷದೊಳಗೆ ಬಂದಿದ್ದರೆ ಅಲ್ಲಿಂದ ಎಣಿಸಿ ಅಂತ ವಾದಿಸಲು ಜಾಗ ಇದೆ. ತಡವಾದದ್ದಕ್ಕೆ ಸರಿಯಾದ ಕಾರಣ ಇದ್ದರೆ ಆಯೋಗ ಮನ್ನಿಸಲೂಬಹುದು. 2019ರ ಕಾನೂನಿನಂತೆ ನೀವಿರುವ ಜಿಲ್ಲೆಯಲ್ಲೇ, ಅಂದರೆ ಕಾಸರಗೋಡಿನಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಫೀಸ್ ಇಲ್ಲ. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಆಸೆ ಜಾಸ್ತಿ ಇಟ್ಟುಕೊಳ್ಳಬೇಡಿ. ಆದರೆ ಖರ್ಚಿಲ್ಲದ ಪ್ರಯತ್ನ ಮಾಡದೆ ಬಿಡುವುದೂ ಸರಿಯಲ್ಲ.

ಪ್ರಶ್ನೆ: ಕಳೆದ ವರ್ಷ ಮುಂಬೈಯಿಂದ ಲಕ್ಷದ್ವೀಪಕ್ಕೆ ಕ್ರೂಸ್ ಹೋದೆವು. ದ್ವೀಪ ಕಣ್ಣಿಗೆ ಕಾಣುತ್ತಿತ್ತು, ಇಳಿಸಲೇ ಇಲ್ಲ! ಅಲೆ ಜಾಸ್ತಿ ಅಂದರು. ವಾಪಸ್ ಕೊಟ್ಟ ದುಡ್ಡು ಚಿಲ್ಲರೆ. ಇದು ಹಗಲು ದರೋಡೆ ಅಲ್ವಾ? (ಮಂಜೇಶ್ವರದ ಓದುಗರು)

ಉತ್ತರ: ನಿಮ್ಮ ಬೇಜಾರು ಅರ್ಥವಾಗುತ್ತದೆ. ಆದರೆ ದರೋಡೆ ಅನ್ನಲಾರೆ. ಲಕ್ಷದ್ವೀಪದಲ್ಲಿ ದೊಡ್ಡ ಕ್ರೂಸ್ ಹಡಗು ದಡಕ್ಕೆ ತಾಗುವುದಿಲ್ಲ. ಹೊರಗೆ ಲಂಗರು ಹಾಕಿ, ಜನರನ್ನು ಸಣ್ಣ ಬೋಟಿಗೆ ಇಳಿಸಿ ಕರಕೊಂಡು ಹೋಗಬೇಕು. ಹಡಗಿನ ಬಾಗಿಲು ಒಂದು ಕಡೆ, ಬೋಟ್ ಮೇಲೆ ಕೆಳಗೆ ಕುಣಿಯುತ್ತಾ ಇರುತ್ತದೆ. ಅಲ್ಲಿ ನಿಂತು ಅಜ್ಜಿಯಂದಿರ ಕೈ ಹಿಡಿದು ದಾಟಿಸಿದವನು ನಾನು. ಕ್ಯಾಪ್ಟನ್ ಬೇಡ ಅಂದ ದಿನ ನನಗೆ ಖುಷಿಯೇ ಆಗುತ್ತಿತ್ತು.

ಇಲ್ಲಿ ಟಿಕೆಟಿನ ಗುಟ್ಟು ಹೇಳುತ್ತೇನೆ. ನೀವು ದುಡ್ಡು ಕೊಟ್ಟದ್ದು ದ್ವೀಪಕ್ಕೆ ಅಂತ ನೀವು ತಿಳಿದಿದ್ದೀರಿ. ಕರಾರಿನಲ್ಲಿ ಬರೆದದ್ದು ಹಾಗಲ್ಲ. ಹಡಗಿನಲ್ಲಿ ಇಷ್ಟು ರಾತ್ರಿ ಮಲಗಿಸಿ ಊಟ ಹಾಕುತ್ತೇವೆ, ಯಾವ ಬಂದರು ಅನ್ನುವುದನ್ನು ಕ್ಯಾಪ್ಟನ್ ಬದಲಿಸಬಹುದು ಅಂತ ಅದರಲ್ಲಿರುತ್ತದೆ. ಹಾಗಾಗಿ ಬಂದರು ತಪ್ಪಿದರೆ ಬಂದರಿನ ಶುಲ್ಕ ಮಾತ್ರ ವಾಪಸ್. ದಡದ ಸುತ್ತಾಟವನ್ನು ಹಡಗಿನ ಮೂಲಕವೇ ಬುಕ್ ಮಾಡಿದ್ದರೆ ಸಾಮಾನ್ಯವಾಗಿ ಅದೂ ಪೂರ್ತಿ ಬರುತ್ತದೆ. ಹೊರಗಿನ ಟ್ಯಾಕ್ಸಿಯವರಿಗೆ ಕೊಟ್ಟ ಅಡ್ವಾನ್ಸ್ ಹೋದ ಹಾಗೇ ಲೆಕ್ಕ.

ಕೊರೊನಾ ಕಾಲದಲ್ಲಿ ಜನರ ಸಿಟ್ಟು ಹೆಚ್ಚಾದದ್ದೂ ಈ ಕಾರಣಕ್ಕೇ. ಹಡಗು ಕಂಪನಿಯದ್ದು, ಬಂದರು ಸರ್ಕಾರದ್ದು, ದುಡ್ಡು ಏಜೆಂಟರ ಕೈಯಲ್ಲಿ. ಯಾರನ್ನು ಬೈಯುವುದು? 2020ರ ಫೆಬ್ರವರಿಯಲ್ಲಿ ವೆಸ್ಟರ್‌ಡ್ಯಾಮ್ ಹಡಗನ್ನು ಜಪಾನ್, ತೈವಾನ್, ಫಿಲಿಪ್ಪೀನ್ಸ್, ಗುವಾಮ್, ಥಾಯ್ಲೆಂಡ್ ಒಂದಾದ ಮೇಲೆ ಒಂದು ಬೇಡ ಅಂದವು. ಕೊನೆಗೆ ಕಾಂಬೋಡಿಯಾದ ಸಿಹಾನೂಕ್‌ವಿಲ್ ಬಂದರು ಬಾಗಿಲು ತೆರೆಯಿತು. ಇಲ್ಲೇ ಪಕ್ಕದ ಪಣಂಬೂರಿನ ನವ ಮಂಗಳೂರು ಬಂದರಿಗೆ ಮಾರ್ಚ್ 7ರಂದು ಬರಬೇಕಿದ್ದ ಎಂಎಸ್‌ಸಿ ಲಿರಿಕಾ ಹಡಗನ್ನೂ ಒಳಗೆ ಬಿಡಲಿಲ್ಲ. ಆಮೇಲೆ ಆ ಬಂದರಿಗೆ ಮತ್ತೆ ಕ್ರೂಸ್ ಹಡಗು ಬಂದದ್ದು 2022ರ ನವೆಂಬರಿನಲ್ಲಿ.

ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಮಾರ್ಚಿನಲ್ಲಿ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದದ್ದನ್ನು ನೋಡಿದವರು ನಾವು. ಮಂಗಳೂರಿನ ಆಸ್ಪತ್ರೆ ಅರ್ಧ ಗಂಟೆಯ ದಾರಿ, ಆಂಬುಲೆನ್ಸ್ ಮಾತ್ರ ಗಡಿಯ ಈಚೆಗೇ ನಿಂತಿತ್ತು. ನಾನಿದ್ದ ಹಡಗು ಆಗ ಬೇರೆ ಸಮುದ್ರದಲ್ಲಿ ಪ್ರಯಾಣಿಕರಿಲ್ಲದೆ ಲಂಗರು ಹಾಕಿ ನಿಂತಿತ್ತು. ಮನೆಯಿಂದ ಅಮ್ಮ ಫೋನಿನಲ್ಲಿ, "ನಿನಗೂ ಇಳಿಯಲಿಕ್ಕೆ ಬಿಡುವುದಿಲ್ಲ, ನಮಗೂ ದಾಟಲಿಕ್ಕೆ ಬಿಡುವುದಿಲ್ಲ" ಅಂದಿದ್ದರು.

ಪ್ರಶ್ನೆ: ನಾನು ನಿವೃತ್ತ ಟೀಚರ್. ಯಜಮಾನರಿಗೆ 74. ದುಬೈಯಲ್ಲಿರುವ ಮಗ ಕ್ರೂಸ್ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಾನೆ. ಟಿವಿಯಲ್ಲಿ ಜಪಾನಿನ ಆ ಹಡಗು ನೋಡಿದ ಮೇಲೆ ನನಗೆ ಧೈರ್ಯವಿಲ್ಲ. ಕಾಯಿಲೆ ಹರಡಿದರೆ ಕಂಪನಿಯವರು ಹೊಣೆಯಾ? (ಮುಳ್ಳೇರಿಯದಿಂದ)

ಉತ್ತರ: ಟೀಚರೇ, ನೀವು ನೋಡಿದ್ದು ಡೈಮಂಡ್ ಪ್ರಿನ್ಸೆಸ್. ಯೊಕೊಹಾಮಾದಲ್ಲಿ ನಿಲ್ಲಿಸಿದಾಗ ಅದರಲ್ಲಿ 3,711 ಮಂದಿ ಇದ್ದರು. 700ಕ್ಕೂ ಜಾಸ್ತಿ ಜನರಿಗೆ ಸೋಂಕು ತಗಲಿತು. ಕಿಟಕಿಯೇ ಇಲ್ಲದ ಒಳ ಕ್ಯಾಬಿನ್‌ನವರಿಗೆ ಹಗಲು ರಾತ್ರಿ ಗೊತ್ತಾಗುತ್ತಿರಲಿಲ್ಲ, ಸ್ವಲ್ಪ ಹೊತ್ತು ಸರದಿಯಲ್ಲಿ ಡೆಕ್ಕಿಗೆ ಬಿಡುತ್ತಿದ್ದರು. ಟಿವಿಯವರು ಪ್ರಯಾಣಿಕರನ್ನು ತೋರಿಸಿದರು. ಆದರೆ ಆ ಹಡಗಿನಲ್ಲಿದ್ದ 138 ಭಾರತೀಯರಲ್ಲಿ 132 ಮಂದಿ ಕೆಲಸದವರು. ಪ್ರಯಾಣಿಕರು ಬಾಗಿಲು ಹಾಕಿ ಕೂತಾಗ ಅವರಿಗೆ ಊಟದ ತಟ್ಟೆ ಹೊತ್ತವರು ಇವರೇ. ರಾತ್ರಿ ಒಂದೇ ಕೋಣೆಯಲ್ಲಿ ಒಟ್ಟಿಗೆ ಮಲಗುವವರು. ನನ್ನ ಜೊತೆ ಕೆಲಸ ಮಾಡಿದ ಹುಡುಗರೂ ಅಲ್ಲಿದ್ದರು. ಅದಕ್ಕೇ ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ.

ಹೊಣೆಯ ಮಾತಿಗೆ ಬಂದರೆ, ಆಸ್ಟ್ರೇಲಿಯಾದಲ್ಲಿ ಒಂದು ಕೇಸ್ ನಡೆಯಿತು. 2020ರ ಮಾರ್ಚ್ 19ಕ್ಕೆ ರೂಬಿ ಪ್ರಿನ್ಸೆಸ್ ಸಿಡ್ನಿಗೆ ಬಂದು ಸುಮಾರು 2,700 ಮಂದಿಯನ್ನು ಇಳಿಸಿತು, ಸೋಂಕು ಊರಿಗೆಲ್ಲ ಹಬ್ಬಿತು. 2023ರ ಅಕ್ಟೋಬರಿನಲ್ಲಿ ಅಲ್ಲಿನ ಫೆಡರಲ್ ಕೋರ್ಟ್ ಕಂಪನಿಯದ್ದು ನಿರ್ಲಕ್ಷ್ಯ ಅಂತ ತೀರ್ಪು ಕೊಟ್ಟಿತು. ಡಿಸೆಂಬರಿನಲ್ಲಿ ಅಲ್ಲಿನ ಎಲ್ಲಕ್ಕಿಂತ ಮೇಲಿನ ಕೋರ್ಟ್ ಆದ ಹೈಕೋರ್ಟ್ ಇನ್ನೊಂದು ಮಾತು ಹೇಳಿತು: ಎಲ್ಲರೂ ಸೇರಿ ಕೇಸ್ ಹಾಕಬಾರದು ಅಂತ ಟಿಕೆಟಿನಲ್ಲಿ ಬರೆಸಿಕೊಂಡದ್ದು ನ್ಯಾಯವಲ್ಲ. ಕೇಳಲು ಚಂದ. ಆದರೆ ಮುಂದೆ ನಿಂತು ಕೇಸ್ ನಡೆಸಿದ ಮಹಿಳೆಗೆ ಕೋರ್ಟ್ ಕೊಡಿಸಿದ್ದು ಚಿಕಿತ್ಸೆಯ ಖರ್ಚು, 4,423 ಆಸ್ಟ್ರೇಲಿಯನ್ ಡಾಲರ್ ಮತ್ತು ಬಡ್ಡಿ. ಅಮೆರಿಕದ ಕಂಪನಿಗಳ ಕರಾರಿನಲ್ಲಂತೂ ಕೇಸನ್ನು ಫ್ಲೋರಿಡಾದಲ್ಲೇ ಹಾಕಬೇಕು ಅಂತ ಹೆಚ್ಚಾಗಿ ಇರುತ್ತದೆ. ಅದು ನಡೆಯುತ್ತದೆ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಮುಳ್ಳೇರಿಯದಿಂದ ಫ್ಲೋರಿಡಾಕ್ಕೆ ಹೋಗುವುದು ಆಗುವ ಮಾತಲ್ಲ.

ಹೋಗಬೇಡಿ ಅನ್ನುವುದಿಲ್ಲ. ಈಗ ಹಡಗಿನಲ್ಲಿ ಜಾಸ್ತಿ ಕಾಡುವುದು ನೋರೋ ವೈರಸ್, ಅಂದರೆ ವಾಂತಿ ಭೇದಿ. ಬಾಗಿಲಲ್ಲಿ ಇಟ್ಟಿರುವ ಸ್ಯಾನಿಟೈಸರ್ ಇದಕ್ಕೆ ಅಷ್ಟು ನಾಟುವುದಿಲ್ಲ. ಸೋಪು ನೀರಿನಲ್ಲಿ ಕೈ ತೊಳೆಯಬೇಕು. ಬಫೆಯಲ್ಲಿ ಎಲ್ಲರೂ ಮುಟ್ಟಿದ ಸೌಟು ಹಿಡಿದ ಮೇಲೂ ತೊಳೆಯಿರಿ. ಯಜಮಾನರ ಔಷಧವನ್ನು ಒಂದು ವಾರಕ್ಕೆ ಹೆಚ್ಚೇ ಇಟ್ಟುಕೊಳ್ಳಿ, ಕೈಚೀಲದಲ್ಲಿ. ಮಗನಿಗೆ ಹೇಳಿ ಬಾಲ್ಕನಿ ಇರುವ ಕ್ಯಾಬಿನ್ ಮಾಡಿಸಿ. ಎಲ್ಲ ಸರಿ ಇದ್ದಾಗ ಅದು ಬರೀ ಶೋಕಿ ಅನಿಸುತ್ತದೆ, ಬಾಗಿಲು ಹಾಕಿ ಕೂರಿಸಿದ ದಿನ ಅದರ ಬೆಲೆ ಗೊತ್ತಾಗುವುದು.

ವಿಮೆ ಬೇಕೇ ಬೇಕು. ಊರಿನ ಮೆಡಿಕ್ಲೇಮ್ ಅಲ್ಲಿ ನಡೆಯುತ್ತದೆ ಅಂತ ನಂಬಿ ಹೋಗಬೇಡಿ. ಹಡಗಿನ ಡಾಕ್ಟರ್ ನಾಡಿ ಹಿಡಿದರೂ ಬಿಲ್ ಡಾಲರಿನಲ್ಲಿ ಬರುತ್ತದೆ. ಪಾಲಿಸಿಯಲ್ಲಿ ಮೂರು ಕಡೆ ಬೆರಳಿಟ್ಟು ಕೇಳಿ: ಮೊದಲೇ ಇರುವ ಬಿಪಿ, ಶುಗರ್ ಸೇರಿದೆಯಾ, ಹಡಗಿನಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು ಇದೆಯಾ, ಸಾಂಕ್ರಾಮಿಕ ರೋಗ ಬಂದರೆ ಕೊಡುವುದಿಲ್ಲ ಅಂತ ಎಲ್ಲಾದರೂ ಬರೆದಿದೆಯಾ?

ಪ್ರಶ್ನೆ: ಟಿಕೆಟಿನಲ್ಲಿ ಎಲ್ಲ ಸೇರಿದೆ ಅಂದರು. ಕೊನೆಯ ದಿನ ಬಿಲ್ ಬಂದಾಗ ಟಿಪ್ಸ್ ಅಂತ ದಿನಕ್ಕೆ ಇಷ್ಟು, ವೈಫೈಗೆ ಇಷ್ಟು. ರೂಮ್ ಕ್ಲೀನ್ ಮಾಡುವುದು ಮಾತ್ರ ದಿನಕ್ಕೆ ಒಂದೇ ಸಲ. ಮೊದಲು ಎರಡು ಸಲ ಇತ್ತಂತೆ. ಟಿಪ್ಸ್ ತೆಗೆಸಬಹುದಾ? (ಉಪ್ಪಳದ ವ್ಯಾಪಾರಿ)

ಉತ್ತರ: ಹೆಚ್ಚಿನ ವಿದೇಶಿ ಹಡಗುಗಳಲ್ಲಿ ಕೌಂಟರಿಗೆ ಹೋಗಿ ಹೇಳಿದರೆ ತೆಗೆಯುತ್ತಾರೆ. ತೆಗೆಸಬೇಡಿ ಅನ್ನುತ್ತೇನೆ. ನಾನು ಪಕ್ಷಪಾತಿ, ಒಪ್ಪುತ್ತೇನೆ. ಸ್ಟೀವರ್ಡ್‌ನ ಸಂಬಳದ ದೊಡ್ಡ ಪಾಲು ಅದೇ. ಎರಡು ಸಲದ್ದನ್ನು ಒಂದು ಸಲಕ್ಕೆ ಇಳಿಸಿದ್ದು ಹುಡುಗರ ಸೋಮಾರಿತನ ಅಲ್ಲ. ಕೊರೊನಾ ನಂತರ ಖರ್ಚು ಉಳಿಸಲು ಕಂಪನಿಗಳೇ ಹಾಗೆ ಮಾಡಿದವು, 2023ರ ಹೊತ್ತಿಗೆ ದೊಡ್ಡ ಕಂಪನಿಗಳಲ್ಲಿ ಅದೇ ರೂಢಿಯಾಯಿತು. ಸಲ ಕಡಿಮೆ ಮಾಡಿ, ಒಬ್ಬೊಬ್ಬನಿಗೆ ಕ್ಯಾಬಿನ್ ಜಾಸ್ತಿ ಕೊಟ್ಟರು. ಸಿಟ್ಟಿದ್ದರೆ ಕಂಪನಿಗೆ ಬರೆಯಿರಿ.

ಆದರೆ "ಎಲ್ಲ ಸೇರಿದೆ" ಅಂದವರನ್ನು ಬಿಡಬೇಡಿ. ಬುಕ್ ಮಾಡುವಾಗ ಟಿಪ್ಸ್, ಬಂದರು ಶುಲ್ಕ, ತೆರಿಗೆ ಎಲ್ಲ ಸೇರಿಸಿದ ಮೊತ್ತವನ್ನು ವಾಟ್ಸಾಪಿನಲ್ಲಾದರೂ ಬರೆಸಿಕೊಳ್ಳಿ. ಒಬ್ಬರೇ ಹೋಗುವವರಿಗೆ ಹೆಚ್ಚುಕಮ್ಮಿ ಇಬ್ಬರ ದುಡ್ಡು ಬೀಳುತ್ತದೆ, ಅದನ್ನೂ ಮೊದಲೇ ಕೇಳಿ. ಮತ್ತೆ, ಹತ್ತಿದ ಕೂಡಲೇ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಸಮುದ್ರದ ಮಧ್ಯೆ ಹಡಗಿನ ನೆಟ್‌ವರ್ಕ್ ಹಿಡಿದುಕೊಂಡರೆ ಬರುವ ಬಿಲ್ ನೋಡಿ ನಿಮ್ಮ ಅಂಗಡಿಯ ಆ ದಿನದ ವ್ಯಾಪಾರ ನೆನಪಾದೀತು.

ಪ್ರಶ್ನೆ: ಮುಂಬೈಯಿಂದ ಸೆಪ್ಟೆಂಬರ್ ಕೊನೆಗೆ ಹಡಗು. ಆ ದಿನ ಬೆಳಿಗ್ಗೆ ತಲುಪುವ ರೈಲಿಗೆ ಟಿಕೆಟ್ ಮಾಡಿದರೆ ಸಾಕಾ? (ಕುಂಬಳೆಯಿಂದ)

ಉತ್ತರ: ಸಾಲದು. ಮಳೆಗಾಲದಲ್ಲಿ ಕೊಂಕಣ ರೈಲು ವೇಳಾಪಟ್ಟಿಯೇ ಬೇರೆ, ಗುಡ್ಡ ಜರಿದರೆ ಅದೂ ಇಲ್ಲ. ಹಡಗು ನಿಮಗಾಗಿ ಕಾಯುವುದಿಲ್ಲ. ಬಾಗಿಲು ಮುಚ್ಚಿದ ಮೇಲೆ ಬಂದವರಿಗೆ ಸಾಮಾನ್ಯವಾಗಿ ಟಿಕೆಟಿನ ದುಡ್ಡು ವಾಪಸ್ ಇಲ್ಲ. ಹಿಂದಿನ ದಿನವೇ ಹೋಗಿ ಲಾಡ್ಜಿನಲ್ಲಿ ಮಲಗಿ. ನಮ್ಮ ಅಂಗಡಿಯ ಹತ್ತಿರದವರೇ ಆದರೆ ರೈಲು ಟಿಕೆಟನ್ನು ಇವತ್ತೇ ತಂದು ತೋರಿಸಿ, ಬದಲಿಸಿ ಕೊಡುತ್ತೇನೆ.